ಅಜ್ಜನ ನೆನಪುಗಳಿಗೆ ಹೊಸ ಅಕ್ಷರ



ಕಳೆದ ಸಂಚಿಕೆಯಲ್ಲಿ ಪತ್ರೊಡೆಯ ವಿಷಯ ಬರೆದಿದ್ದೆ. "ಆಂಟಿ, ಯಾವಾಗಲೂ ಅಡುಗೆಮನೆಯೇ ಏಕೆ? ನಮಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಬರೆಯಿರಿ" ಎಂದು ನಿಮ್ಮಲ್ಲೊಬ್ಬಳು ಸಂಘದ ಸಮಾರಂಭದಲ್ಲಿ ಮುಖಕ್ಕೇ ಹೇಳಿದಳು. ಸರಿ, ಈ ಬಾರಿ ನಿಮ್ಮ ಲೋಕದ್ದೇ ವಿಷಯ. ಇ-ಪುಸ್ತಕ ಓದುವ ಯಂತ್ರಕ್ಕೆ, ಅಂದರೆ ಇ-ರೀಡರಿಗೆ, ನಮಗೆ ಬೇಕಾದ ಕನ್ನಡ ಫಾಂಟ್ ಹಾಕಿಕೊಳ್ಳುವುದು ಹೇಗೆ? ನಗಬೇಡಿ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಮೂವತ್ತು ವರ್ಷ ಡೊಂಬಿವಲಿಯಲ್ಲಿ ಸಂಸಾರ ನಡೆಸಿದ ನನಗೆ ಇದು ಸಾಧ್ಯವಾಯಿತೆಂದರೆ ನಿಮಗೆ ಎಷ್ಟರ ಕೆಲಸ!

ಇದೆಲ್ಲ ಶುರುವಾದದ್ದು ಒಂದು ಹಳೆಯ ಸಿ.ಡಿ.ಯಿಂದ. ನಮ್ಮ ಮಾವನವರು 1958ರಲ್ಲಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದರು. ತೀರಿಹೋಗುವ ಮೊದಲು, 2003ರಲ್ಲಿ, ತಮ್ಮ ನೆನಪುಗಳನ್ನು ಬರೆದು ಯಾರಿಂದಲೋ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದರು. ಕೈಬರಹದ ಪುಸ್ತಕ 2005ರ ಮಹಾಮಳೆಯಲ್ಲಿ ನೀರುಪಾಲಾಯಿತು. ಉಳಿದದ್ದು ಆ ಸಿ.ಡಿ. ಮಾತ್ರ.

ಅತ್ತೆಯವರಿಗೆ ಈಗ ಎಂಬತ್ತನಾಲ್ಕು. ಎರಡೂ ಕಣ್ಣಿನ ಪೊರೆ ತೆಗೆಸಿದರೂ ಪತ್ರಿಕೆಯ ಸಣ್ಣ ಅಕ್ಷರ ಕಾಣುವುದಿಲ್ಲ. "ಅವರು ಏನು ಬರೆದಿದ್ದರೋ ಏನೋ, ಒಂದು ಸಲ ಓದಬೇಕಿತ್ತು" ಎಂದು ಆಗಾಗ ಹೇಳುತ್ತಿದ್ದರು. ಕಳೆದ ದೀಪಾವಳಿಗೆ ಮಗ ತನ್ನ ಹಳೆಯ ಇ-ರೀಡರನ್ನು ಮನೆಯಲ್ಲೇ ಬಿಟ್ಟುಹೋದ. ಅದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದಲ್ಲವೇ? ಅಜ್ಜನ ಬರಹವನ್ನು ಅದರಲ್ಲಿ ಹಾಕಿ ಅಜ್ಜಿಗೆ ಕೊಡೋಣ ಎಂದುಕೊಂಡೆ.

ಸಿ.ಡಿ. ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರಗಳ, ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ವಿಚಿತ್ರ ಚಿಹ್ನೆಗಳ ಕಲಸುಮೇಲೋಗರ. ಕಡತ ಕೆಟ್ಟುಹೋಯಿತೆಂದು ನನ್ನ ಎದೆ ಧಸಕ್ಕೆಂದಿತು. ಹಾಗೇನೂ ಆಗಿರಲಿಲ್ಲ. ಆ ಕಾಲದಲ್ಲಿ ನುಡಿ, ಬರಹ ಮುಂತಾದವುಗಳಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಅದೇ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡ. ಇಲ್ಲದ ಕಡೆ ಇಂಗ್ಲಿಷಿನ ಕಿಚಡಿ. ಇಂಥ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಉಂಟು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿವೆ, ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗೆ ಇರಬೇಕಾಗಿಲ್ಲ. ರಜೆಗೆ ಬಂದಿದ್ದ ನನ್ನ ನಾದಿನಿಯ ಮಗ ಅರ್ಧ ಗಂಟೆಯಲ್ಲಿ ಅಷ್ಟೂ ಪುಟಗಳನ್ನು ಬದಲಾಯಿಸಿದ. ಅವನಿಗೆ ಹತ್ತೊಂಬತ್ತು. ಮುಲುಂಡಿನಲ್ಲೇ ಹುಟ್ಟಿ ಬೆಳೆದವನು, ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬಾರದು. ನಿಮ್ಮಲ್ಲಿ ಅನೇಕರ ಹಾಗೆ.

ಅನಂತರ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಇ-ಪುಸ್ತಕ ಮಾಡಿದೆವು. ಕೋವಿದ್ ಗೋಯಲ್ ಎಂಬ ನಮ್ಮ ದೇಶದವರೇ 2006ರಲ್ಲಿ ಶುರುಮಾಡಿದ ತಂತ್ರಾಂಶ ಅದು. ಕಿಂಡಲಿಗೆ ಕೇಬಲ್ ಮೂಲಕ ಹಾಕುವುದಾದರೆ ಎ.ಜೆಡ್.ಡಬ್ಲ್ಯೂ.3 ರೂಪ, ಕೋಬೋ ಮುಂತಾದವಕ್ಕೆ ಇ-ಪಬ್. ಪಿ.ಡಿ.ಎಫ್. ಮಾತ್ರ ಮಾಡಬೇಡಿ. ಅದರಲ್ಲಿ ಪುಟ ಅಚ್ಚು ಹೊಡೆದಂತೆ ಸ್ಥಿರ, ಫಾಂಟ್ ಬದಲಾಗುವುದಿಲ್ಲ.

ಯಂತ್ರದಲ್ಲಿ ಪುಸ್ತಕ ತೆರೆದೆ. ಈ ಸಲ ಸಾಲುಸಾಲು ಖಾಲಿ ಚೌಕಗಳು! ಕಡತದಲ್ಲಿ ಅಕ್ಷರ ಉಂಟು, ಅದಕ್ಕೆ ಕೊಡಬೇಕಾದ ಆಕಾರ ಯಂತ್ರದಲ್ಲಿ ಇಲ್ಲ ಎಂದು ಇದರ ಅರ್ಥ. ಫಾಂಟ್ ತಯಾರಿಸುವವರು ಈ ಚೌಕಕ್ಕೆ 'ತೋಫು' ಎನ್ನುತ್ತಾರಂತೆ, ಸೋಯಾ ಪನೀರಿನ ತುಂಡಿನಂತೆ ಕಾಣುವುದರಿಂದ. ಗೂಗಲಿನವರ 'ನೋಟೋ' ಫಾಂಟುಗಳಿಗೆ ಆ ಹೆಸರು ಬಂದದ್ದು 'ನೋ ತೋಫು' ಎಂಬುದರಿಂದ.

ಈಗ ಕೆಲಸದ ಮಾತು. ನೋಟೋ ಸೆರಿಫ್ ಕನ್ನಡ ಫಾಂಟನ್ನು ಗೂಗಲ್ ಫಾಂಟ್ಸ್‌ನಿಂದ ಉಚಿತವಾಗಿ ಇಳಿಸಿಕೊಳ್ಳಿ. ಅದು ಜಿಪ್ ಗಂಟಾಗಿ ಬರುತ್ತದೆ. ಗಂಟು ಬಿಚ್ಚದೆ ಹಾಗೆಯೇ ಯಂತ್ರಕ್ಕೆ ಹಾಕಿ ಒಂದು ಸಂಜೆಯೆಲ್ಲ ಕಾದು ಕುಳಿತವಳು ನಾನು. ನೀವು ಹಾಗೆ ಮಾಡಬೇಡಿ. ಬಿಚ್ಚಿದರೆ ಒಳಗೆ 'ಸ್ಟ್ಯಾಟಿಕ್' ಎಂಬ ಫೋಲ್ಡರ್ ಇರುತ್ತದೆ. ಅದರಿಂದ ರೆಗ್ಯುಲರ್ ಮತ್ತು ಬೋಲ್ಡ್ ಎಂಬ ಎರಡು ಟಿ.ಟಿ.ಎಫ್. ಕಡತ ಸಾಕು. ಯಂತ್ರವನ್ನು ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ. ಕಿಂಡಲಿನಲ್ಲಿ 2018ರಿಂದೀಚಿನ ತಂತ್ರಾಂಶವಿದ್ದರೆ 'ಫಾಂಟ್ಸ್' ಎಂಬ ಫೋಲ್ಡರ್ ಇದ್ದೇ ಇರುತ್ತದೆ. ಕೋಬೋದಲ್ಲಿ ಅದೇ ಹೆಸರಿನದನ್ನು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಾವೇ ಮಾಡಬೇಕು. ಕಡತಗಳನ್ನು ಅದರೊಳಗೆ ಹಾಕಿ, ಯಂತ್ರವನ್ನು ಸರಿಯಾಗಿ ಎಜೆಕ್ಟ್ ಮಾಡಿ ಕೇಬಲ್ ತೆಗೆಯಿರಿ. ಪುಸ್ತಕ ತೆರೆದು, ಅಕ್ಷರ ಬದಲಾಯಿಸುವ ಪಟ್ಟಿಯಲ್ಲಿ ಹೊಸ ಹೆಸರನ್ನು ಆರಿಸಿ. ಬೇಡವಾದರೆ ಆ ಕಡತವನ್ನು ಅಳಿಸಿದರಾಯಿತು. ಸಿಕ್ಕಿದ ಫಾಂಟನ್ನೆಲ್ಲ ತುಂಬಬೇಡಿ. ಉಪ್ಪಿನಕಾಯಿ ಭರಣಿಗಳಂತೆ ಎರಡು ಮೂರು ಸಾಕು.

ಹಾಕಿದ ಮೇಲೆ ಪರೀಕ್ಷೆ ಮಾಡಲೇಬೇಕು. ಅಕ್ಕ, ಕೃಷ್ಣ, ಸ್ತ್ರೀ, ಜ್ಞಾನ, ಅರ್ಥ: ಈ ಐದು ಪದಗಳು ಸರಿಯಾಗಿ ಕಾಣುತ್ತವೆಯೇ ನೋಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲೇ ನಿಂತಿದ್ದರೆ, ಅಕ್ಷರ ಜೋಡಿಸುವ ವಿದ್ಯೆ ಆ ಯಂತ್ರದ ತಂತ್ರಾಂಶಕ್ಕೆ ಬಾರದು ಎಂದು ತಿಳಿಯಿರಿ. ಯಂತ್ರವನ್ನು ಅಪ್‌ಡೇಟ್ ಮಾಡಿ ನೋಡಿ. ಆಗಲೂ ಸರಿಹೋಗದಿದ್ದರೆ ಅದೇ ಪುಸ್ತಕವನ್ನು ಟ್ಯಾಬ್ಲೆಟಿನಲ್ಲಿ ತೆರೆಯುವುದು ವಾಸಿ.

ಇಲ್ಲೊಂದು ಸ್ವಾರಸ್ಯ ಹೇಳಬೇಕು. 'ಅರ್ಥ' ಎನ್ನುವಾಗ ನಾವು ರ್ ಅನ್ನು ಮೊದಲು ಉಚ್ಚರಿಸುತ್ತೇವೆ. ಬರೆಯುವಾಗ ಅದು ಅರ್ಕಾವೊತ್ತಾಗಿ ಥ ಆದ ಮೇಲೆ ಬರುತ್ತದೆ. ಯೂನಿಕೋಡ್ ಕಡತದಲ್ಲಿ ಇರುವುದು ಬಾಯಲ್ಲಿ ಬರುವ ಕ್ರಮವೇ. ಅದನ್ನು ಕಣ್ಣಿಗೆ ಬೇಕಾದ ಕ್ರಮಕ್ಕೆ ತರುವ ಕೆಲಸ ಫಾಂಟಿನದು ಮತ್ತು ಯಂತ್ರದ್ದು. ನಿಮ್ಮ ಬಾಯಲ್ಲಿ ಕನ್ನಡ ಪೂರ್ತಿಯಾಗಿ ಉಂಟಲ್ಲ ಮಕ್ಕಳೇ, ಬಾಕಿ ಇರುವುದು ಇಷ್ಟು ಮಾತ್ರ.

ಫಾಂಟು ಎಂದರೆ ಬೆಂಗಳೂರಿನ ವ್ಯವಹಾರ ಎಂದುಕೊಳ್ಳಬೇಡಿ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಎಷ್ಟೋ ಕಂಪ್ಯೂಟರುಗಳಲ್ಲಿ ಕನ್ನಡ ತೋರಿಸಿದ 'ತುಂಗಾ' ಫಾಂಟು, ನಮ್ಮ ಪವಾಯಿಯ ಐ.ಐ.ಟಿ.ಯಲ್ಲಿ ಪಾಠ ಹೇಳುತ್ತಿದ್ದ ಅಕ್ಷರ ಕಲಾವಿದ ಆರ್. ಕೆ. ಜೋಶಿಯವರ ಮಾರ್ಗದರ್ಶನದಲ್ಲಿ ತಯಾರಾದದ್ದು. ಅವರು 2008ರಲ್ಲಿ ತೀರಿಕೊಂಡರು. ಈಗಲೂ ಮುಂಬಯಿಯ 'ಏಕ್ ಟೈಪ್' ಎಂಬ ಸಂಸ್ಥೆಯವರು 'ಬಾಲೂ ತಮ್ಮ', 'ಅನೇಕ್ ಕನ್ನಡ' ಎಂಬ ಫಾಂಟುಗಳನ್ನು ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. 'ಬಾಲೂ ತಮ್ಮ' ತಲೆಬರಹಕ್ಕೆ ಚೆನ್ನ, ದೀರ್ಘ ಓದಿಗೆ ನೋಟೋ ಸೆರಿಫ್ ಹಿತ. ತುಂಗಾ ವಿಂಡೋಸಿನ ಸೊತ್ತು, ಅದನ್ನು ಎತ್ತಿ ಬೇರೆ ಯಂತ್ರಕ್ಕೆ ಹಾಕಬಾರದು.

ನಮ್ಮ ಮನೆಯಲ್ಲಿ ಮುಂದೇನಾಯಿತು ಎಂದಿರಾ? ಅಕ್ಷರವನ್ನು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು ಮಾಡಿ ಅತ್ತೆಯವರ ಕೈಗೆ ಕೊಟ್ಟೆ. ಪುಟಕ್ಕೆ ಆರೇಳು ಸಾಲು ಅಷ್ಟೆ. ಮೊದಲ ಪುಟವನ್ನು ಅವರು ಗಟ್ಟಿಯಾಗಿ ಓದಿದರು. ಹುಡುಗ ಪಕ್ಕದಲ್ಲೇ ಕುಳಿತಿದ್ದ. ಪರಿವರ್ತಕ ಅಲ್ಲಲ್ಲಿ ಒತ್ತಕ್ಷರ ತಪ್ಪಿಸಿತ್ತು. ಅಜ್ಜಿ ತಡವರಿಸಿದಲ್ಲೆಲ್ಲ ಅವನು ಅವರಿಂದ ಕೇಳಿ ತಿಳಿದು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದ. ಓದಬಲ್ಲವರಿಗೆ ಕಣ್ಣು ಮಂದ, ಕಣ್ಣಿದ್ದವನಿಗೆ ಅಕ್ಷರ ಬಾರದು. ಇಬ್ಬರೂ ಸೇರಿ ಹದಿನೈದು ದಿನದಲ್ಲಿ ಪುಸ್ತಕ ಮುಗಿಸಿದರು.

ರಾತ್ರಿ ಶಾಲೆಯ ಭಾಗ ಬಂದಾಗ ಅತ್ತೆ ಯಂತ್ರವನ್ನು ಮಡಿಲಲ್ಲಿಟ್ಟು ಸುಮ್ಮನಾದರು. ಮಾವ ಅಲ್ಲಿ ಬರೆದಿದ್ದರು, ಮೊದಲ ಸಂಬಳದ ಮನಿಯಾರ್ಡರಿನ ಜೊತೆ ಊರಿಗೆ ಬರೆದ ಕಾಗದವನ್ನು ಮನೆಯಲ್ಲಿ ಯಾರಿಗೂ ಓದಲು ಬಾರದೆ ಪೋಸ್ಟ್‌ಮ್ಯಾನೇ ಓದಿ ಹೇಳಿದನಂತೆ. ಹುಡುಗ ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿ, ಮುಂದಿನ ಪುಟ ನಾನು ಓದಲು ನೋಡುತ್ತೇನೆ, ನೀವು ತಿದ್ದಿ" ಎಂದ. ಆ ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಯಾರಿಗೂ ಅವಸರವಿರಲಿಲ್ಲ.

ನಿಮ್ಮ ಮನೆಯ ಕಪಾಟಿನಲ್ಲೂ ಇಂಥ ಸಿ.ಡಿ., ಫ್ಲಾಪಿ, ಹಳೆಯ ಕಂಪ್ಯೂಟರ್ ಇರಬಹುದು. ಹಳೆಯ ಡಿಸ್ಕುಗಳು ಬಹುಕಾಲ ಬಾಳುವುದಿಲ್ಲ, ಓದಿ ತಿದ್ದಬಲ್ಲ ಹಿರಿಯರೂ ಅಷ್ಟೇ. ಈ ಭಾನುವಾರವೇ ಹುಡುಕಿ. ಏನಾದರೂ ಸಿಕ್ಕಿದರೆ ನನಗೆ ಖಂಡಿತ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.