ಥಂಡಿ ಗಾಳಿ ಕೊಳವೆ: ಗಾಡಿಗೆ ಜೋರೋ, ಕಿಸೆಗೆ ಕತ್ತರಿಯೋ?

ಬಾನೆಟ್ ಎತ್ತಿದರೆ ಮಿರಮಿರ ಮಿಂಚುವ ಒಂದು ಕೊಳವೆ. ಅದರ ತುದಿಗೆ ಕೆಂಪು ಬಣ್ಣದ, ಬುಗುರಿಯಂಥ ಫಿಲ್ಟರು. ಹೆಸರು ‘ಕೋಲ್ಡ್ ಏರ್ ಇಂಟೇಕ್’. ಬೆಲೆ ಮಾಲಿನ ಮೇಲೆ 2-3 ಸಾವಿರದಿಂದ ಶುರುವಾಗಿ 20 ಸಾವಿರವನ್ನೂ ದಾಟುತ್ತದೆ. “ಕಾಕಾ, ಇದನ್ನೊಂದು ಹಾಕಿಸಿಬಿಡ್ರಿ, ಗಾಡಿ ಹಾರತೈತಿ, ಎಣ್ಣೀನೂ ಉಳೀತೈತಿ” ಎಂಬುದು ಮಾರುವವರ ಮಾತು.

ಹಾರುವುದೇನೋ ನಿಜ. ಆದರೆ ಗಾಡಿಯೋ, ರೊಕ್ಕವೋ?

ಶೋಕಿಗೆ ಕಾರು ಇಟ್ಟವರ ಮಾತು ಇಲ್ಲಿ ಬೇಡ. ಸೆಕೆಂಡ್ ಹ್ಯಾಂಡ್ ಕಾರನ್ನು ಸಾಲದ ಮೇಲೆ ಕೊಂಡು, ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬಾಡಿಗೆ ಹೊಡೆದು ಕಂತು ಕಟ್ಟುವ ಹುಡುಗನಿಗೆ 5 ಸಾವಿರವೆಂದರೆ ಸಣ್ಣ ಮಾತಲ್ಲ. ಅದಕ್ಕೇ ಈ ಲೆಕ್ಕ.

ಮೂಲದಲ್ಲಿ ಸಂಗತಿ ಸುಳ್ಳಲ್ಲ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಅದರಲ್ಲಿ ಆಮ್ಲಜನಕ ಹೆಚ್ಚು. ಗಾಳಿ ಹೆಚ್ಚು ಹೋದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಶಕ್ತಿ ಹೆಚ್ಚುತ್ತದೆ. ಸುಮಾರು 3 ಡಿಗ್ರಿ ತಣ್ಣಗಾದರೆ ಗಾಳಿಯ ದಟ್ಟಣೆ ಶೇಕಡಾ 1ರಷ್ಟು ಏರುತ್ತದೆ. ಆದರೆ ಈ ಸಂಗತಿ ಕಾರು ಮಾಡಿದವರಿಗೆ ಗೊತ್ತಿರಲಿಲ್ಲವೇ? ಈಗಿನ ಬಹುತೇಕ ಕಾರುಗಳ ಮೂಲ ಕೊಳವೆಯ ಬಾಯಿ ಎಂಜಿನ್ನಿನ ಕಾವಿನಿಂದ ದೂರ, ಮುಂದಿನ ಜಾಳಿಗೆಯ ಹತ್ತಿರವೇ ಇರುತ್ತದೆ. ಅಂದರೆ ಕಂಪನಿ ಕೊಟ್ಟ ಕಾರಿನಲ್ಲಿ ‘ಥಂಡಿ ಗಾಳಿ’ ಮೊದಲೇ ಉಂಟು.

ಹೊಸ ಕೊಳವೆಯಿಂದ ಇನ್ನೂ 5 ಡಿಗ್ರಿ ಉಳಿಯಿತೆಂದೇ ಹಿಡಿಯೋಣ. ದಟ್ಟಣೆ ಶೇಕಡಾ 2ನ್ನೂ ಮುಟ್ಟುವುದಿಲ್ಲ. 48 ಅಶ್ವಶಕ್ತಿಯ ಆಲ್ಟೊ 800 ಗಾಡಿಗೆ ಇದರಿಂದ ಒಂದು ಕುದುರೆಯೂ ಪೂರಾ ಸಿಗಲಿಲ್ಲ! ಹಿಂದಿನ ಸೀಟಿಗೆ ಮೂರು ಮಂದಿ, ಡಿಕ್ಕಿಗೆ ಬುತ್ತಿ ಗಂಟು ಏರಿದರೆ ಆ ಮುಕ್ಕಾಲು ಕುದುರೆ ಗುಡ್ಡದ ಬುಡದಲ್ಲೇ ಕೂತುಬಿಡುತ್ತದೆ.

ಅಗ್ಗದ ಮಾಲಿನದು ಇನ್ನೂ ದೊಡ್ಡ ತಮಾಷೆ. ಡಬ್ಬಿ ತೆಗೆದು ಬರೀ ಬುಗುರಿ ಫಿಲ್ಟರ್ ಸಿಕ್ಕಿಸಿದರೆ ಅದು ಎಳೆಯುವುದು ಬಾನೆಟ್ಟಿನ ಒಳಗಿನ ಕುದಿಯುವ ಗಾಳಿಯನ್ನೇ. ಹೊರಗೆ 36 ಡಿಗ್ರಿ, ಒಳಗೆ 60 ಇದ್ದರೆ ಶಕ್ತಿ ಏರುವುದಿಲ್ಲ, ಇಳಿಯುತ್ತದೆ. ರೊಕ್ಕ ಕೊಟ್ಟು ಬಿಸಿಗಾಳಿ ಕೊಂಡಂತಾಯಿತು. ಹಾಗಿದ್ದರೂ “ಜೋರಾಗೇತಿ” ಎಂದು ಅನಿಸುವುದೇಕೆ? ಕಂಪನಿಯ ಡಬ್ಬಿ ಎಂಜಿನ್ನಿನ ಉಸಿರಿನ ಸದ್ದನ್ನು ಅಡಗಿಸುತ್ತದೆ. ಅದನ್ನು ಕಿತ್ತರೆ ಗುರ್ ಎನ್ನುತ್ತದೆ. ಓಡುವುದು ಕಿವಿ, ಗಾಲಿಯಲ್ಲ.

ಮೈಲೇಜಿನ ಕತೆ? ಪೆಟ್ರೋಲ್ ಗಾಡಿಯಲ್ಲಿ ಚಾಲಕ ಅರ್ಧ ಎಕ್ಸಲರೇಟರ್ ಒತ್ತಿದಾಗ ಒಳಗಿನ ಥ್ರಾಟಲ್ ಬಾಗಿಲೇ ಗಾಳಿಯನ್ನು ತಡೆದು ನಿಂತಿರುತ್ತದೆ. ಮುಂದಿನ ದಾರಿ ಎಷ್ಟು ಅಗಲ ಮಾಡಿದರೇನು? ಮೇಲಾಗಿ, ಬಂದ ಗಾಳಿಯನ್ನು ಅಳೆದು ಅಷ್ಟಕ್ಕೇ ಪೆಟ್ರೋಲ್ ಬಿಡುವ ಕಂಪ್ಯೂಟರ್ ಒಳಗೆ ಕೂತಿದೆ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದವರು 2009ರಲ್ಲಿ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ಇಂಥ ಕಾರುಗಳನ್ನು ಓಡಿಸಿ ನೋಡಿದರು. ಓಟದ ಚುರುಕು ಕಡಿಮೆಯಾಯಿತೇ ಹೊರತು ಮೈಲೇಜು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಡೀಸೆಲ್ ಗಾಡಿಗಂತೂ ಗಾಳಿ ಮೊದಲೇ ಬೇಕಾದದ್ದಕ್ಕಿಂತ ಹೆಚ್ಚು. ಡೀಸೆಲ್ ಹೆಚ್ಚಿಸದೆ ಗಾಳಿ ಮಾತ್ರ ಹೆಚ್ಚಿಸಿದರೆ ಏನೂ ಆಗದು.

ನಮ್ಮ ನಾಡಿಗೆ ಬಂದರೆ ದೊಡ್ಡ ವೈರಿ ಧೂಳು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಿಂದೆ ಬೈಲಹೊಂಗಲ ರಸ್ತೆಯಲ್ಲಿ ಹೋದವರಿಗೆ ಬೇರೆ ವಿವರ ಬೇಡ. ಅಗ್ಗದ ಫಿಲ್ಟರಿನ ಜಾಳಿಗೆ ಸಡಿಲವಿದ್ದರೆ, ಇಲ್ಲವೇ ಕೊಳವೆಯ ಕ್ಲಿಪ್ಪು ಬಿಗಿಯಿಲ್ಲದಿದ್ದರೆ ಆ ಮಣ್ಣು ನೇರ ಸಿಲಿಂಡರಿಗೆ. ರಿಂಗು ಸವೆಯುತ್ತದೆ, ಗಾಡಿ ಆಯಿಲ್ ಕುಡಿಯತೊಡಗುತ್ತದೆ, ಕೊನೆಗೆ ಎಂಜಿನ್ ಬಿಚ್ಚುವ ಪಾಳಿ. ಎಣ್ಣೆ ಹಚ್ಚುವ ಬಗೆಯ ಫಿಲ್ಟರಿಗೆ ಎಣ್ಣೆ ಅತಿಯಾದರೆ, ಗಾಳಿ ಅಳೆಯುವ ಸೆನ್ಸಾರಿನ ತಂತಿಗೆ ಅಂಟಿ ಅಳತೆಯೇ ತಪ್ಪುತ್ತದೆ.

ನೀರಿನ ಭಯವೂ ಉಂಟು. ಬಹಳ ತಣ್ಣನೆಯ ಗಾಳಿ ಬೇಕೆಂದು ಕೊಳವೆಯ ಬಾಯನ್ನು ಬಂಪರಿನ ಕೆಳಗೆ ಇಳಿಸುವುದುಂಟು. 2019ರ ಆಗಸ್ಟಿನಲ್ಲಿ ಮಲಪ್ರಭೆ ತುಂಬಿ ರಾಮದುರ್ಗದ ಕಡೆ ನೀರು ಹೊಕ್ಕಿದ್ದನ್ನು ಯಾರೂ ಮರೆತಿಲ್ಲ. ಅಂಥ ನೀರಿನಲ್ಲಿ ಒಂದು ಗುಟುಕು ಸಿಲಿಂಡರಿಗೆ ಹೋದರೂ ಸಾಕು. ಗಾಳಿಯಂತೆ ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಬದಲಾವಣೆ ಮಾಡಿದ್ದನ್ನು ತಿಳಿಸದೆ ಇದ್ದರೆ ವಿಮೆಯವರು ತಕರಾರು ತೆಗೆಯಲಿಕ್ಕೂ ದಾರಿಯಾಯಿತು.

ಕಾನೂನಿನ ಮಾತೂ ಒಂದಿಷ್ಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ಲಕ್ಷಣ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಇಂಥ ತಪ್ಪಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸಜೆ, ಅಥವಾ ಎರಡೂ. ಗಾಳಿ ಕೊಳವೆ ಬದಲಿಸುವುದು ‘ಮೂಲ ಲಕ್ಷಣ’ಕ್ಕೆ ಬರುತ್ತದೋ ಇಲ್ಲವೋ ಎಂದು ವಾದ ಹೂಡಬಹುದು. ಆದರೆ ಕೆಎ-24 ಗಾಡಿಯವ ಆ ವಾದವನ್ನು ರಸ್ತೆ ಬದಿಗೆ ನಿಂತು, ಪ್ಯಾಸೆಂಜರ್ ಕೂಡಿಸಿಕೊಂಡು ಮಾಡಬೇಕಾದೀತು.

ಹಾಗಾದರೆ ಇದು ಯಾರಿಗೂ ಬೇಡವೇ? ರೇಸಿನ ಗಾಡಿಗೆ, ಟರ್ಬೊ ಎಂಜಿನ್ನಿನ ಕಂಪ್ಯೂಟರನ್ನೇ ಬೇರೆ ಲೆಕ್ಕಕ್ಕೆ ಹೊಂದಿಸಿದವರಿಗೆ ಬೇಕು. ಅದು ಬೇರೆ ಜಾತ್ರೆ.

ಬಾಡಿಗೆ ಗಾಡಿಯವನಿಗೆ ಕಂಪನಿಯ ಕಾಗದದ ಫಿಲ್ಟರೇ ಸಾಕು. ಸಣ್ಣ ಕಾರಿಗೆ ಅದು 500 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಧೂಳಿನ ದಾರಿಯವರು ಪುಸ್ತಕದಲ್ಲಿ ಹೇಳಿದ ಅವಧಿಗೆ ಕಾಯದೆ ಮೊದಲೇ ನೋಡಬೇಕು. ಉಳಿದ ರೊಕ್ಕದಲ್ಲಿ ಪ್ಲಗ್ಗು ಬದಲಿಸಿ, ಗಾಲಿಗೆ ಸರಿಯಾದ ಗಾಳಿ ಹೊಡೆಸಿ, ಅಲೈನ್‌ಮೆಂಟ್ ಮಾಡಿಸಿದರೆ ಗಾಡಿ ಹಗುರಾಗಿ ಓಡುವುದು ಮೊದಲ ದಿನವೇ ತಿಳಿಯುತ್ತದೆ.

ಈಗಾಗಲೇ ಕೊಳವೆ ಹಾಕಿಸಿಕೊಂಡವರು ಮಾಡಬೇಕಾದದ್ದು ಒಂದೇ. ಕಿತ್ತ ಹಳೆಯ ಡಬ್ಬಿ ಗ್ಯಾರೇಜಿನಲ್ಲೇ ಬಿದ್ದಿದ್ದರೆ, ಅದು ಗುಜರಿಗೆ ಹೋಗುವ ಮುಂಚೆ ಮನೆಗೆ ತಂದಿಟ್ಟುಕೊಳ್ಳಿ. ಗಾಡಿ ಮಾರುವ ದಿನ ಕೊಳ್ಳುವವ ಬಾನೆಟ್ ಎತ್ತಿ, “ಇದರ ಒರಿಜಿನಲ್ ಎಲ್ಲೈತ್ರಿ?” ಎಂದು ಕೇಳದೆ ಬಿಡುವುದಿಲ್ಲ.