ಓಟು ನಮಗಿಲ್ಲ, ಆದರೂ ರಾಷ್ಟ್ರಪತಿ ಚುನಾವಣೆ ನಮ್ಮದೂ ಹೌದು

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ಸರ್ಕಾರಿ ನೌಕರರು. ಬೆಳುಗುಪ್ಪ, ಕಲ್ಯಾಣದುರ್ಗ, ಹಿಂದೂಪುರದ ಕಡೆ ಶಾಲೆ, ಕಚೇರಿ ಅಂತ ಓಡಾಡುತ್ತಲೇ ತಲೆ ನರೆತವರು. ಹಗಲು ತೆಲುಗಿನಲ್ಲಿ ಫೈಲು ಬರೆಯುತ್ತೇವೆ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಊಟಕ್ಕೆ ಕೂರುತ್ತೇವೆ. ನಡತೆ ನಿಯಮಗಳ ಪ್ರಕಾರ ನಾವು ಯಾರ ಪರವಾಗಿಯೂ ಪ್ರಚಾರ ಮಾಡುವ ಹಾಗಿಲ್ಲ. ಹಾಗಾಗಿ ಮುಂದೆ ನಿಲ್ಲಬಹುದಾದ ಯಾವ ಅಭ್ಯರ್ಥಿಯ ಹೆಸರೂ ಇಲ್ಲಿಲ್ಲ. ಇದು ನಮ್ಮ ಸ್ವಂತ ಅಭಿಪ್ರಾಯ, ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ.

2027ರ ಜುಲೈ 24ಕ್ಕೆ ದ್ರೌಪದಿ ಮುರ್ಮು ಅವರ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಆಯ್ಕೆ ಆಗಬೇಕು. ಇದನ್ನು ಎತ್ತಿದರೆ ನಮ್ಮ ಹುಡುಗರು "ಅದು ದಿಲ್ಲಿಯೋರ ಚುನಾವಣೆ ಸಾರ್, ನಮಗೇನು ಓಟಿದೆಯಾ?" ಅಂತಾರೆ. ಓಟಿಲ್ಲ, ನಿಜ. ಆದರೆ ಗಡಿಯಲ್ಲಿ ಉಳಿದ ನಮ್ಮಂಥವರ ಭಾಷೆಯ ವಿಷಯದಲ್ಲಿ ಸಂವಿಧಾನ ಹೆಸರು ಹಿಡಿದು ಕರೆಯುವುದು ಮುಖ್ಯಮಂತ್ರಿಯನ್ನಲ್ಲ, ರಾಷ್ಟ್ರಪತಿಯನ್ನು. ಇದನ್ನು ನಮ್ಮ ಡಿಗ್ರಿ ಹುಡುಗರಿಗೂ ಯಾರೂ ಹೇಳಿಕೊಟ್ಟಂತಿಲ್ಲ.

347ನೇ ವಿಧಿ ನೋಡಿ. ರಾಜ್ಯದ ಜನಸಂಖ್ಯೆಯಲ್ಲಿ ಗಣನೀಯ ಭಾಗದ ಜನ ತಮ್ಮ ಭಾಷೆಗೆ ಮನ್ನಣೆ ಬೇಕು ಅಂತ ಕೇಳಿದರೆ, ಇಡೀ ರಾಜ್ಯದಲ್ಲೋ ಒಂದು ಭಾಗದಲ್ಲೋ ಆ ಭಾಷೆಯನ್ನು ಅಧಿಕೃತವಾಗಿ ಗುರುತಿಸಿ ಅಂತ ರಾಷ್ಟ್ರಪತಿ ನಿರ್ದೇಶನ ಕೊಡಬಹುದು. 1956ರ ಏಳನೇ ತಿದ್ದುಪಡಿಯಲ್ಲಿ ಇನ್ನೆರಡು ಸೇರಿದವು. 350ಎ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠ ಸಿಗಬೇಕು, ಅದಕ್ಕಾಗಿ ರಾಷ್ಟ್ರಪತಿ ಯಾವ ರಾಜ್ಯಕ್ಕೆ ಬೇಕಾದರೂ ನಿರ್ದೇಶನ ಕೊಡಬಹುದು. 350ಬಿ: ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ. ಅವರನ್ನು ನೇಮಿಸುವುದು ರಾಷ್ಟ್ರಪತಿ, ಅವರು ವರದಿ ಕೊಡಬೇಕಾದ್ದೂ ರಾಷ್ಟ್ರಪತಿಗೇ. ಆ ವರದಿ ಸಂಸತ್ತಿನ ಮುಂದೆ ಬರಬೇಕು.

"ನಮ್ಮೋರು ಒಬ್ಬರು ಆ ಕುರ್ಚಿಗೆ ಬಂದ್ರೆ ಎಲ್ಲಾ ಸರಿಹೋಗುತ್ತೆ" ಅನ್ನುವವರಿಗೆ ಒಂದು ನೆನಪು. ನಮ್ಮ ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ 1913ರಲ್ಲಿ ಹುಟ್ಟಿದ ನೀಲಂ ಸಂಜೀವ ರೆಡ್ಡಿ 1967ರಲ್ಲಿ ಗೆದ್ದದ್ದು ಇದೇ ಹಿಂದೂಪುರ ಲೋಕಸಭಾ ಕ್ಷೇತ್ರದಿಂದ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಅವರು ಸೋತರು. ಇಂದಿರಾ ಗಾಂಧಿ "ಆತ್ಮಸಾಕ್ಷಿಯ ಓಟು" ಅಂದ ಚುನಾವಣೆ ಅದೇ, ಗೆದ್ದವರು ವಿ.ವಿ. ಗಿರಿ. 1977ರಲ್ಲಿ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಅಲ್ಲಿಯವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿ. ಅಂದರೆ ಆ ವರ್ಷ ರಾಷ್ಟ್ರಪತಿ ಭವನದ ಕುರ್ಚಿ ಒಬ್ಬ ಕನ್ನಡಿಗನಿಂದ ಅನಂತಪುರದವರ ಕೈಗೆ ಹೋಯಿತು. ಕೇಳೋಕೆ ಖುಷಿ. ಆದರೆ ಊರಿನ ಹೆಸರು ನೋಡಿ ಯಾವ ಫೈಲೂ ಓಡುವುದಿಲ್ಲ.

ಯಾಕೆ ಅಂತ ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಬಹುದು, ಮೇಲಿನವರು ಫೈಲಿನ ಮೇಲೆ "ಚರ್ಚಿಸಿ" ಅಂತ ಬರೆದು ವಾಪಸ್ ಕಳಿಸಿದ ಹಾಗೆ. ಮತ್ತೆ ಅದೇ ಬಂದರೆ ಸಹಿ ಹಾಕಲೇಬೇಕು. ಹೀಗಿರುವಾಗ ಕೆಳಗಿನಿಂದ ಕಾಗದವೇ ಹೋಗದಿದ್ದರೆ ಮೇಲೆ ಯಾರು ಕೂತರೇನು? ನಾವು ಕಂಡ ಹಾಗೆ, ಕನ್ನಡ ಶಾಲೆಗೆ ಮೇಷ್ಟ್ರು ಇಲ್ಲ ಅಂತ ಊರ ಕಟ್ಟೆಯ ಮೇಲೆ ಬೈಯುವವರು ನೂರು ಜನ. ಅರ್ಜಿ ಬರೆದು ಸ್ವೀಕೃತಿ ಪಡೆದು ಇಟ್ಟುಕೊಂಡವರು ಒಬ್ಬಿಬ್ಬರು.

ಅರ್ಜಿಯಲ್ಲಿ ಏನು ಬರೆಯಬೇಕು ಅಂದರೆ, 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯ ಹಿಡಿಯಿರಿ: ಇಡೀ ಶಾಲೆಯಲ್ಲಿ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು. ಮಡಕಶಿರಾ, ರಾಯದುರ್ಗದ ಕಡೆ ಈ ಲೆಕ್ಕ ಬಹಳ ಕೆಲಸಕ್ಕೆ ಬರುತ್ತದೆ. ಬೆಳುಗುಪ್ಪದ ಕಡೆ ಕನ್ನಡ ಹೆಚ್ಚಾಗಿ ಮನೆಯೊಳಗೆ ಉಳಿದಿದೆ, ಇಲ್ಲಿ ಹತ್ತು ಮಕ್ಕಳನ್ನು ಒಂದು ಪಟ್ಟಿಗೆ ತರುವುದೇ ಮೊದಲ ಕೆಲಸ. ಪಟ್ಟಿಯ ಒಂದು ಪ್ರತಿ ಆ ವಿಶೇಷ ಅಧಿಕಾರಿಗೂ ಹೋಗಲಿ.

ಇನ್ನು ಓಟಿನ ಲೆಕ್ಕ. ರಾಷ್ಟ್ರಪತಿ ಚುನಾವಣೆಯಲ್ಲಿ ಆಂಧ್ರದ ಒಬ್ಬ ಎಂಎಲ್‌ಎ ಓಟಿನ ಬೆಲೆ 2022ರಲ್ಲಿ 159 ಇತ್ತು, ಕರ್ನಾಟಕದ ಎಂಎಲ್‌ಎಯದು 131. 1971ರ ಜನಗಣತಿಯಲ್ಲಿ ಬಂದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ, ಆಮೇಲೆ ಸಾವಿರದಿಂದ ಭಾಗಿಸಿದರೆ ಸಿಗುವ ಅಂಕಿ ಇದು. ಆ ಜನಗಣತಿಯಲ್ಲಿ ನಮ್ಮ ಅಜ್ಜ ಅಜ್ಜಿಯರೂ ಇದ್ದರು. ಅಂದರೆ ಬೆಳುಗುಪ್ಪ ಸೇರಿರುವ ಉರವಕೊಂಡ ಕ್ಷೇತ್ರದ ಶಾಸಕರು ಹಾಕುವ 159ರಲ್ಲಿ ಕನ್ನಡದ ಮನೆಗಳ ಪಾಲೂ ಇದೆ. ಈ ಚುನಾವಣೆಯಲ್ಲಿ ವಿಪ್ ಇಲ್ಲ, ಗುಪ್ತ ಮತದಾನ. ಯಾರಿಗೆ ಹಾಕುತ್ತೀರಿ ಅಂತ ಅವರನ್ನು ಕೇಳಬೇಡಿ. "ಅಣ್ಣಾ, 350ಎ ಬಗ್ಗೆ ನಿಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆದುಕೊಡ್ತೀರಾ?" ಅಂತ ಕೇಳಿ. ಓಟಿಗಾಗಿ ಎಲ್ಲ ಪಕ್ಷದವರೂ ಶಾಸಕರ ಮಾತು ಕೇಳುವ ಕೆಲವು ವಾರಗಳಿರುತ್ತವಲ್ಲ, ಆ ಪತ್ರ ಆಗ ಹೋಗಬೇಕು.

ಮುರ್ಮು ಅವರ ವಿಷಯ ಒಂದು ಸಾಲು ಹೇಳಲೇಬೇಕು. ಒಡಿಶಾದ ನೀರಾವರಿ ಮತ್ತು ವಿದ್ಯುತ್ ಇಲಾಖೆಯಲ್ಲಿ 1979ರಿಂದ 1983ರವರೆಗೆ ಕಿರಿಯ ಸಹಾಯಕಿಯಾಗಿದ್ದವರು ಅವರು. ಅವರ ಮನೆಮಾತು ಸಂತಾಲಿ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 2003ರಲ್ಲಿ, ಅದೂ ಜನ ವರ್ಷಗಟ್ಟಲೆ ಕೇಳಿ ಕೇಳಿ. ಗುಮಾಸ್ತರಾದ ನಮಗೆ ಇದು ಹೆಮ್ಮೆ, ಸುಳ್ಳು ಹೇಳುವುದಿಲ್ಲ.

ರಾಷ್ಟ್ರಪತಿ ಚುನಾವಣೆಗೂ ಮೊದಲು, 2027ರ ಫೆಬ್ರವರಿಯಲ್ಲಿ ಜನಗಣತಿಯ ಎಣಿಕೆ ಇದೆ. 347ನೇ ವಿಧಿಯ "ಗಣನೀಯ ಭಾಗ" ಯಾರು ಅಂತ ತೋರಿಸಲು ಅದಕ್ಕಿಂತ ಗಟ್ಟಿ ದಾಖಲೆ ಇನ್ನೊಂದಿಲ್ಲ. ತಾಲೂಕಿನಲ್ಲಿ ಶೇ 15ರಷ್ಟು ಜನ ಇದ್ದರೆ ಮುಖ್ಯ ನಿಯಮ, ನೋಟಿಸುಗಳನ್ನು ಆ ಭಾಷೆಯಲ್ಲೂ ಕೊಡಬೇಕು ಎಂಬ ಒಪ್ಪಂದಕ್ಕೂ ಇದೇ ಆಧಾರ. ಮೊಬೈಲ್ ಹಿಡಿದು ನಿಮ್ಮ ಬಾಗಿಲಿಗೆ ಬರುವವರು ನಮ್ಮಲ್ಲೇ ಯಾರೋ ಒಬ್ಬ ಮೇಷ್ಟ್ರು ಇರಬಹುದು. ಮಾತೃಭಾಷೆ ಯಾವುದು ಅಂತ ಕೇಳುತ್ತೇವೆ. ಕನ್ನಡ ಅನ್ನಿ ಅಂತ ನಾವು ಆಗ ಹೇಳಿಕೊಡುವ ಹಾಗಿಲ್ಲ, ನೀವು ಹೇಳಿದ್ದನ್ನು ಒತ್ತುತ್ತೇವೆ ಅಷ್ಟೆ. ಮನೆಯಲ್ಲಿ ಅಮ್ಮನ ಜೊತೆ ಈಗಲೇ ಮಾತಾಡಿಕೊಂಡಿರಿ.