ಕೊಂಡವನು ಒಡೆಯನೋ, ಗೇಣಿದಾರನೋ?

2016ರ ಸೆಪ್ಟೆಂಬರ್ 13ರಂದು ಹಲವು ದೇಶಗಳಲ್ಲಿ ಎಚ್‌ಪಿ ಕಂಪನಿಯ ಇಂಕ್‌ಜೆಟ್ ಪ್ರಿಂಟರ್‌ಗಳು, ಹಿಂದಿನ ದಿನದವರೆಗೂ ತಕರಾರಿಲ್ಲದೆ ಬಳಸುತ್ತಿದ್ದ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ನಿರಾಕರಿಸಿದವು. ಯಂತ್ರ ಕೆಟ್ಟಿರಲಿಲ್ಲ; ಶಾಯಿಯೂ ಮುಗಿದಿರಲಿಲ್ಲ. ತಿಂಗಳುಗಳ ಹಿಂದೆ ‘ಅಪ್‌ಡೇಟ್’ ಎಂಬ ಹೆಸರಿನಲ್ಲಿ ಯಂತ್ರದೊಳಗೆ ಸೇರಿಕೊಂಡಿದ್ದ ತಂತ್ರಾಂಶದಲ್ಲಿ ಆ ದಿನಾಂಕವನ್ನು ಮೊದಲೇ ಬರೆದಿಡಲಾಗಿತ್ತು. ಆ ದಿನ ಬಂತು, ಬೇರೆ ಕಂಪನಿಗಳ ಚಿಪ್ ಇದ್ದ ಕಾರ್ಟ್ರಿಜ್‌ಗಳೆಲ್ಲ ಅನರ್ಹಗೊಂಡವು. ಪ್ರತಿಭಟನೆ ಜೋರಾದಾಗ ಕಂಪನಿ ಅದೇ ತಿಂಗಳ ಕೊನೆಗೆ ಕ್ಷಮೆ ಕೇಳಿತು. ಆದರೆ ಆ ಕ್ಷಮೆ ವಿಷಯವನ್ನು ಸರಿಯಾಗಿ ತಿಳಿಸದೆ ಇದ್ದುದಕ್ಕಾಗಿಯೇ ಹೊರತು, ಕಾರ್ಟ್ರಿಜ್‌ಗಳನ್ನು ತಡೆದುದಕ್ಕಾಗಿ ಅಲ್ಲ.

ಈ ವ್ಯತ್ಯಾಸವನ್ನು ಗಮನಿಸಬೇಕು. ಆಸ್ಟ್ರೇಲಿಯಾದ ಗ್ರಾಹಕ ಪ್ರಾಧಿಕಾರ ಮಧ್ಯೆ ಪ್ರವೇಶಿಸಿದಾಗ ಕಂಪನಿ ಕೆಲವು ಗ್ರಾಹಕರಿಗೆ ಪರಿಹಾರ ಕೊಡಲು ಒಪ್ಪಿತು. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ 1 ಕೋಟಿ ಯೂರೋ ದಂಡ ಹಾಕಿತು. ಎರಡೂ ಕಡೆ ಪ್ರಶ್ನೆ ಮುಖ್ಯವಾಗಿ ಮಾಹಿತಿಯದಾಗಿತ್ತು: ನಿರ್ಬಂಧವಿದೆ ಎಂದು ಕೊಳ್ಳುವವನಿಗೆ ಸ್ಪಷ್ಟವಾಗಿ ಹೇಳಲಾಗಿತ್ತೇ? ಅದಕ್ಕೆ ಕಂಪನಿಗಳು ಕಂಡುಕೊಂಡ ಉತ್ತರ ಸುಲಭದ್ದು. ಈಗ ಡಬ್ಬದ ಮೇಲೆ ಸಣ್ಣ ಅಕ್ಷರಗಳಲ್ಲಿ ಎಲ್ಲವನ್ನೂ ಹೇಳಲಾಗುತ್ತದೆ. ಹೇಳಿ ಮಾಡಿದ ಅನ್ಯಾಯ ನ್ಯಾಯವಾಗಿಬಿಡುತ್ತದೆಯೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಕಾರ್ಟ್ರಿಜ್ ಎಂದರೆ ಮೂಲತಃ ಶಾಯಿ ತುಂಬಿದ ಪ್ಲಾಸ್ಟಿಕ್ ಡಬ್ಬಿ. ಅದಕ್ಕೆ ಅಂಟಿಸಿದ ಚಿಪ್ಪಿನಲ್ಲಿ ಕ್ರಮಸಂಖ್ಯೆ, ಉಳಿದ ಶಾಯಿಯ ಅಂದಾಜು ಮುಂತಾದ ವಿವರಗಳಿರುತ್ತವೆ. ಹೊಸ ಮಾದರಿಗಳಲ್ಲಿ ಪ್ರಿಂಟರ್ ಗೂಢಲಿಪಿಯಲ್ಲಿ ಪ್ರಶ್ನೆ ಕೇಳುತ್ತದೆ. ಚಿಪ್ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಮುದ್ರಣ. ಒಮ್ಮೆ ‘ಖಾಲಿ’ ಎಂದು ಚಿಪ್ಪಿನಲ್ಲಿ ದಾಖಲಾದ ಮೇಲೆ ಡಬ್ಬಿಗೆ ಅಂಚಿನವರೆಗೆ ಶಾಯಿ ತುಂಬಿದರೂ ಅನೇಕ ಯಂತ್ರಗಳು ನಂಬುವುದಿಲ್ಲ. ಕೆಲವು ಕಂಪನಿಗಳು ಇದೇ ಚಿಪ್ಪಿನಲ್ಲಿ ಜಗತ್ತನ್ನು ವಲಯಗಳಾಗಿಯೂ ಹಂಚಿಕೊಂಡಿವೆ. ದೇಶದಿಂದ ದೇಶಕ್ಕೆ ಮನೆ ಬದಲಿಸುವ ಅನಿವಾಸಿಗಳಿಗೆ ಇದು ಗೊತ್ತಾಗುವುದು, ಜೊತೆಯಲ್ಲಿ ತಂದ ಪ್ರಿಂಟರ್ ಹೊಸ ಊರಿನ ಅಂಗಡಿಯಲ್ಲಿ ಕೊಂಡ ಅಸಲಿ ಕಾರ್ಟ್ರಿಜ್ಜನ್ನೇ ಒಲ್ಲೆ ಎಂದಾಗ. ಬಂಡವಾಳಕ್ಕೆ ಗಡಿಗಳಿಲ್ಲ ಎನ್ನುವವರೇ ಶಾಯಿಗೆ ಗಡಿ ಹಾಕಿದ್ದಾರೆ.

ಮುದ್ರಣದ ಗುಣಮಟ್ಟಕ್ಕೆ ಈ ಚಿಪ್ ಅನಿವಾರ್ಯವೇ? ಇದಕ್ಕೆ ಉತ್ತರ ಉದ್ಯಮದ ಒಳಗಿನಿಂದಲೇ ಬಂತು. 2022ರ ಜನವರಿಯಲ್ಲಿ ಜಾಗತಿಕ ಚಿಪ್ ಕೊರತೆಯಿಂದಾಗಿ ಕ್ಯಾನನ್ ಕಂಪನಿ ತನ್ನ ಕೆಲವು ಟೋನರ್ ಕಾರ್ಟ್ರಿಜ್‌ಗಳನ್ನು ಚಿಪ್ ಇಲ್ಲದೆಯೇ ಮಾರಬೇಕಾಯಿತು. ಆಗ ಅದರ ಜರ್ಮನ್ ಶಾಖೆ, ಪರದೆಯ ಮೇಲೆ ಬರುವ ಎಚ್ಚರಿಕೆಯನ್ನು ದಾಟಿ ಮುದ್ರಣ ಮುಂದುವರಿಸುವುದು ಹೇಗೆಂದು ಗ್ರಾಹಕರಿಗೆ ತಾನೇ ವಿವರಿಸಿತು. ಟೋನರ್ ಮಟ್ಟದ ಸೂಚನೆ ತಪ್ಪಬಹುದು, ಮುದ್ರಣಕ್ಕೆ ತೊಂದರೆಯಿಲ್ಲ ಎಂದಿತು. ಬೇರೆಯವರು ಮಾಡಿದರೆ ಅಪಾಯ ಎನಿಸುತ್ತಿದ್ದದ್ದು, ಕಂಪನಿಗೇ ಅಗತ್ಯ ಬಿದ್ದಾಗ ಸಹಜ ಉಪಾಯವಾಯಿತು.

ಕಂಪನಿಗಳ ವಾದವನ್ನೂ ಕೇಳಬೇಕು. ಪ್ರಿಂಟರನ್ನು ಅಗ್ಗವಾಗಿ ಮಾರಿ ಶಾಯಿಯಲ್ಲಿ ಹಣ ಹಿಂಪಡೆಯುತ್ತೇವೆ, ಶಾಯಿಯ ವ್ಯಾಪಾರ ಕೈತಪ್ಪಿದರೆ ಯಂತ್ರದ ಬೆಲೆ ಏರುತ್ತದೆ ಎಂಬುದು ಒಂದು. ಅಪರಿಚಿತ ಚಿಪ್ಪಿನ ಮೂಲಕ ವೈರಸ್ ನುಸುಳಬಹುದು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ನೇರವಾದದ್ದು: ಶಾಯಿಯ ಡಬ್ಬಿಯಲ್ಲಿ ಚಿಪ್ಪನ್ನು ಇಟ್ಟವರು, ಅದು ಹೇಳಿದ್ದನ್ನು ಎಚ್ಚರವಿಲ್ಲದೆ ಓದುವ ಯಂತ್ರವನ್ನು ಕಟ್ಟಿದವರು ಕಂಪನಿಗಳೇ. ಬಾಗಿಲು ತೆರೆದಿಟ್ಟವನು ಕಳ್ಳನ ಭಯ ತೋರಿಸಿ ಮನೆಯವರ ಓಡಾಟವನ್ನೇ ತಡೆಯುವುದು ಸರಿಯಲ್ಲ.

ಮೊದಲನೆಯ ವಾದಕ್ಕೆ ಏಷ್ಯಾದ ಮಾರುಕಟ್ಟೆಯೇ ಉತ್ತರ ಕೊಟ್ಟಿದೆ. ಇಂಡೋನೇಷ್ಯಾ, ಭಾರತದಂಥ ದೇಶಗಳಲ್ಲಿ ಸಿರಿಂಜಿನಿಂದ ಶಾಯಿ ತುಂಬಿಸಿಕೊಳ್ಳುವುದು, ಪ್ರಿಂಟರಿನ ಪಕ್ಕಕ್ಕೆ ಬಾಟಲಿ ಕಟ್ಟಿ ಕೊಳವೆ ಎಳೆಯುವುದು ಮಾಮೂಲಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯವರೆಗೆ ಈ ವಿದ್ಯೆ ಬಲ್ಲವರಿದ್ದರು. ಈ ಬಳಕೆದಾರರನ್ನು ಚಿಪ್ಪಿನಿಂದ ಹಿಡಿದಿಡುವುದು ಕಷ್ಟವೆಂದು ಕಂಡ ಎಪ್ಸನ್, 2010ರಲ್ಲಿ ಇಂಡೋನೇಷ್ಯಾದಲ್ಲಿ ಬಾಟಲಿಯಿಂದ ಶಾಯಿ ಸುರಿಯಬಹುದಾದ ಟ್ಯಾಂಕ್ ಪ್ರಿಂಟರನ್ನು ತಾನೇ ಮಾರುಕಟ್ಟೆಗೆ ತಂದಿತು. ಯಂತ್ರದ ಬೆಲೆ ಹೆಚ್ಚು, ಶಾಯಿಯ ಬೆಲೆ ಕಡಿಮೆ, ಲೆಕ್ಕ ಕಣ್ಣೆದುರಿಗೆ. ಅಮೆರಿಕದ ಗ್ರಾಹಕರಿಗೆ ಅದು ಸಿಕ್ಕಿದ್ದು 2015ರಲ್ಲಿ. ಪ್ರಾಮಾಣಿಕ ಬೆಲೆ ಅಸಾಧ್ಯವೇನೂ ಅಲ್ಲ; ಬಳಕೆದಾರರು ಬಗ್ಗದ ಕಡೆ ಅದು ಮೊದಲು ಬಂತು, ಕಾನೂನು ಕಂಪನಿಯ ಬೆನ್ನಿಗಿದ್ದ ಕಡೆ ತಡವಾಗಿ ಬಂತು.

ಆ ಕಾನೂನಿನ ಕಥೆ ಇನ್ನೂ ಮುಖ್ಯವಾದದ್ದು. ಅಮೆರಿಕದ 1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಕಾಯ್ದೆ, ಕೃತಿಸ್ವಾಮ್ಯ ಕಾಯುವ ಡಿಜಿಟಲ್ ಬೀಗವನ್ನು ಮುರಿಯುವುದನ್ನೇ ಅಪರಾಧವಾಗಿಸಿತು. ಸಿನಿಮಾ, ಸಂಗೀತದ ರಕ್ಷಣೆಗೆಂದು ಬಂದ ಆ ಕಾಯ್ದೆಯನ್ನು ಲೆಕ್ಸ್‌ಮಾರ್ಕ್ ಕಂಪನಿ 2002ರಲ್ಲಿ ಟೋನರ್ ಕಾರ್ಟ್ರಿಜ್ಜಿಗೆ ಅನ್ವಯಿಸಲು ಹೊರಟಿತು. ಪರ್ಯಾಯ ಚಿಪ್ ತಯಾರಿಸುತ್ತಿದ್ದ ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಕಂಪನಿಯ ವಿರುದ್ಧ ಕೆಳ ನ್ಯಾಯಾಲಯದಲ್ಲಿ ತಡೆಯಾಜ್ಞೆಯನ್ನೂ ಪಡೆಯಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತೆರವುಗೊಳಿಸಿತು. ಬಳಿಕ ಅದೇ ಕಂಪನಿ ಪೇಟೆಂಟಿನ ದಾರಿ ಹಿಡಿಯಿತು. ರಿಯಾಯಿತಿ ದರದಲ್ಲಿ ಕಾರ್ಟ್ರಿಜ್ ಮಾರಿ, ಒಮ್ಮೆ ಮಾತ್ರ ಬಳಸಿ ತನಗೇ ಹಿಂದಿರುಗಿಸಬೇಕೆಂಬ ಷರತ್ತು ಹಾಕಿತ್ತು. ಖಾಲಿ ಡಬ್ಬಿಗಳನ್ನು ಕೊಂಡು, ಪುನಃ ತುಂಬಿಸಿದವುಗಳನ್ನು ಮಾರುತ್ತಿದ್ದ ವೆಸ್ಟ್ ವರ್ಜೀನಿಯಾದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯನ್ನು ನ್ಯಾಯಾಲಯಕ್ಕೆ ಎಳೆಯಿತು. 2017ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟ್, ವಸ್ತುವನ್ನು ಮಾರಿದ ಕ್ಷಣವೇ ಅದರ ಮೇಲಿನ ಪೇಟೆಂಟ್ ಹಕ್ಕು ತೀರುತ್ತದೆ, ಮಾರಾಟ ವಿದೇಶದಲ್ಲಿ ನಡೆದಿದ್ದರೂ ಸರಿ ಎಂದು ತೀರ್ಪಿತ್ತಿತು. 2020ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಪುನಃ ತುಂಬಿದ ಎಪ್ಸನ್ ಕಾರ್ಟ್ರಿಜ್‌ಗಳ ಕುರಿತ ಕ್ಯಾಲಿಡಾಡ್ ಪ್ರಕರಣದಲ್ಲಿ ಇದೇ ತತ್ವವನ್ನು ಎತ್ತಿಹಿಡಿಯಿತು.

ಎರಡು ದೇಶಗಳ ಉಚ್ಚ ನ್ಯಾಯಪೀಠಗಳು ಕೊಂಡವನ ಪರವಾಗಿ ನಿಂತರೂ ಅವನ ಮೇಜಿನ ಮೇಲಿನ ಯಂತ್ರ ಮಾತ್ರ ಕಂಪನಿಯ ಪರವಾಗಿಯೇ ನಿಂತಿದೆ. ಏಕೆಂದರೆ ಪುನಃ ತುಂಬುವುದು ತಪ್ಪಲ್ಲ ಎಂದಷ್ಟೇ ಈ ತೀರ್ಪುಗಳು ಹೇಳಿದವು. ಅದನ್ನು ಯಂತ್ರದ ಮೂಲಕ ತಡೆಯಬಾರದೆಂದು ಹೇಳಲಿಲ್ಲ. ನ್ಯಾಯಾಲಯದಲ್ಲಿ ಸೋತದ್ದನ್ನು ತಂತ್ರಾಂಶದಲ್ಲಿ ಗೆದ್ದುಕೊಳ್ಳಲಾಗುತ್ತಿದೆ. ಈ ಖಾಸಗಿ ಶಾಸನಕ್ಕೆ ವಿಧಾನಮಂಡಲದ ಚರ್ಚೆ ಬೇಡ, ಮೇಲ್ಮನವಿಯ ಅವಕಾಶವಿಲ್ಲ. ರಾತ್ರೋರಾತ್ರಿ ಬರುವ ಒಂದು ಅಪ್‌ಡೇಟ್ ಸಾಕು.

ಕರ್ನಾಟಕದ ರಾಜಕೀಯ ನೆನಪಿನಲ್ಲಿ ಇದಕ್ಕೊಂದು ಹೆಸರಿದೆ: ಗೇಣಿ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಹಿಂದೆ ಇದ್ದ ನ್ಯಾಯ, ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ಕಾನೂನಾಯಿತು. ಭೂಮಿ ಕಳೆದುಕೊಂಡ ರೈತನ ಹಸಿವನ್ನೂ ಪ್ರಿಂಟರ್ ಕೊಂಡವನ ಕಿರಿಕಿರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನುಚಿತ. ಆದರೆ ಸಂಬಂಧದ ಸ್ವರೂಪ ಒಂದೇ: ದುಡಿಸಿಕೊಳ್ಳುವವನು, ನೋಡಿಕೊಳ್ಳುವವನು ಇಲ್ಲಿ, ಷರತ್ತು ವಿಧಿಸುವ ಒಡೆಯ ದೂರದಲ್ಲೆಲ್ಲೋ. ಎಚ್‌ಪಿಯ ಇನ್‌ಸ್ಟಂಟ್ ಇಂಕ್ ಯೋಜನೆಯಲ್ಲಿ ಪುಟಗಳ ಲೆಕ್ಕಕ್ಕೆ ತಿಂಗಳ ಬಾಡಿಗೆ. ಚಂದಾ ನಿಂತರೆ ಡಬ್ಬಿಯಲ್ಲಿ ಶಾಯಿ ಉಳಿದಿದ್ದರೂ ಕಾರ್ಟ್ರಿಜ್ ಕೆಲಸ ನಿಲ್ಲಿಸುತ್ತದೆ. ಮುದ್ರಣವನ್ನು ಚಂದಾ ವ್ಯವಹಾರವಾಗಿಸುವುದು ದೀರ್ಘಕಾಲದ ಗುರಿ ಎಂದು ಆ ಕಂಪನಿಯ ಮುಖ್ಯಸ್ಥರಾಗಿದ್ದ ಎನ್ರಿಕೆ ಲೋರೆಸ್ 2024ರ ಜನವರಿಯಲ್ಲಿ ಬಹಿರಂಗವಾಗಿಯೇ ಹೇಳಿದರು. ಪ್ರಿಂಟರಿನಲ್ಲಿ ಪಳಗಿದ ಈ ಪದ್ಧತಿ ಟ್ರ್ಯಾಕ್ಟರ್, ಮೊಬೈಲ್, ಕಾರುಗಳಿಗೆ ಹಬ್ಬಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಪರಿಹಾರದ ದಾರಿಗಳೂ ಇವೆ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಅಪರಾಧ ಎನ್ನುತ್ತದೆ. ಉದ್ದೇಶವನ್ನು ಮಧ್ಯಕ್ಕೆ ತಂದ ಈ ಒಂದು ಮಾತಿನಲ್ಲಿ ಅಮೆರಿಕದ ಕಾಯ್ದೆಗಿಂತ ಹೆಚ್ಚು ವಿವೇಕವಿದೆ. ಕೆನಡಾ 2024ರ ನವೆಂಬರ್‌ನಲ್ಲಿ ದುರಸ್ತಿಗಾಗಿ ಮತ್ತು ಸಾಧನಗಳ ಹೊಂದಾಣಿಕೆಗಾಗಿ ಡಿಜಿಟಲ್ ಬೀಗ ದಾಟಲು ಅವಕಾಶ ನೀಡುವ ಎರಡು ಮಸೂದೆಗಳನ್ನು ಕಾನೂನಾಗಿಸಿತು. ಐರೋಪ್ಯ ಒಕ್ಕೂಟದ 2024ರ ದುರಸ್ತಿ ಹಕ್ಕಿನ ನಿರ್ದೇಶನ, ರಿಪೇರಿಗೆ ಅಡ್ಡಬರುವ ತಂತ್ರಾಂಶದ ತಡೆಗಳನ್ನು ನಿರ್ಬಂಧಿಸುತ್ತದೆ. ಆದರೆ ಅದು ಅಂಗೀಕಾರವಾದಾಗ ಅದರ ವಸ್ತುಗಳ ಪಟ್ಟಿಯಲ್ಲಿ ಬಟ್ಟೆ ಒಗೆಯುವ ಯಂತ್ರವಿತ್ತು, ಫೋನ್ ಇತ್ತು, ಪ್ರಿಂಟರ್ ಇರಲಿಲ್ಲ.

ಬೇಡಿಕೆಗಳು ಇಲ್ಲಿಂದಲೇ ಹುಟ್ಟಬೇಕು. ಮಾರಾಟದ ವೇಳೆ ಇದ್ದ ಸಾಮರ್ಥ್ಯವನ್ನು ಆಮೇಲಿನ ಅಪ್‌ಡೇಟ್ ಕಸಿಯಬಾರದು. ಸುರಕ್ಷತೆಯ ತಿದ್ದುಪಡಿಯನ್ನೂ ಕಾರ್ಟ್ರಿಜ್ ತಡೆಯನ್ನೂ ಒಂದೇ ಗುಳಿಗೆಯಲ್ಲಿ ಬೆರೆಸಿ ನುಂಗಿಸಬಾರದು. ಕೃತಿಸ್ವಾಮ್ಯದ ಉಲ್ಲಂಘನೆಯಿಲ್ಲದ ಕಡೆ ಬೀಗ ತೆಗೆಯುವುದು ಅಪರಾಧವಾಗಬಾರದು. ದುರಸ್ತಿ ಹಕ್ಕಿನ ಪಟ್ಟಿಗಳಲ್ಲಿ ಪ್ರಿಂಟರ್ ಸೇರಬೇಕು. ಅನಿವಾಸಿ ಕನ್ನಡಿಗರು ಹೆಚ್ಚಾಗಿರುವ ದೇಶಗಳಲ್ಲಿ ಅನೇಕವು ಈ ಕಾನೂನುಗಳು ರೂಪುಗೊಳ್ಳುತ್ತಿರುವ ದೇಶಗಳೇ. ಅಲ್ಲಿ ಮತದಾರರಾಗಿ, ಗ್ರಾಹಕ ಸಂಘಟನೆಗಳ ಸದಸ್ಯರಾಗಿ ಅವರ ದನಿಗೆ ಬೆಲೆಯಿದೆ. ಅಲ್ಲಿಯವರೆಗೆ ಕನ್ನಡ ಕೂಟವಾಗಲಿ ಮನೆಯಾಗಲಿ, ಯಂತ್ರ ಕೊಳ್ಳುವ ಮೊದಲು ಪುನಃ ತುಂಬಲು ಬರುತ್ತದೆಯೇ ಎಂದು ವಿಚಾರಿಸುವುದು, ಟ್ಯಾಂಕ್ ಮಾದರಿಯನ್ನು ಆರಿಸುವುದು, ಪರ್ಯಾಯ ಕಾರ್ಟ್ರಿಜ್ ನಿಂತುಹೋದರೆ ಸುಮ್ಮನೆ ಹೊಸದನ್ನು ಕೊಳ್ಳದೆ ಗ್ರಾಹಕ ಪ್ರಾಧಿಕಾರಕ್ಕೆ ದೂರು ಕೊಡುವುದು ಸಾಧ್ಯವಿರುವ ಕೆಲಸಗಳು.

ಕೊನೆಯದಾಗಿ, ಒಂದು ಇರಿಸುಮುರಿಸಿನ ಮಾತು. ಇಂಥ ಬೀಗಗಳನ್ನು ಬರೆಯುವವರು ದೂರದ ಅಪರಿಚಿತರಲ್ಲ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದವರೆಗೆ ಇಂಥ ತಂತ್ರಾಂಶ ರೂಪಿಸುವ ಕಚೇರಿಗಳಲ್ಲಿ ಕನ್ನಡ ಮಾತಾಡುವ ಎಂಜಿನಿಯರುಗಳೂ ಕೂತಿದ್ದಾರೆ. ಸಂಬಳದ ಕೆಲಸದಲ್ಲಿ ಎಲ್ಲವನ್ನೂ ನಿರಾಕರಿಸುವ ಸ್ವಾತಂತ್ರ್ಯ ಯಾರಿಗೂ ಇರುವುದಿಲ್ಲ, ನಿಜ. ಆದರೆ ಈ ಸಾಲು ಯಾರ ಹಕ್ಕನ್ನು ಕಸಿಯುತ್ತದೆ ಎಂದು ಸಭೆಯಲ್ಲಿ ಕೇಳುವ ಸ್ವಾತಂತ್ರ್ಯ ಇದ್ದೇ ಇದೆ. ಆ ಪ್ರಶ್ನೆಯನ್ನು ಬಳಕೆದಾರನಿಗಿಂತ ಮೊದಲು ಕೇಳಬಲ್ಲವರು ಅವರೇ.